ನಾನು ಮಣ್ಣು ಹುರಿದದ್ದು

ನಮ್ಮ ಸೋದರಮಾವನಷ್ಟು ಮಣ್ಣಿಗೆ ಮರ್ಯಾದೆ ಕೊಟ್ಟವರನ್ನು ಮೈಸೂರಿನಲ್ಲೆಲ್ಲ ಹುಡುಕಿದರೂ ನೀವು ಕಾಣಲಾರಿರಿ. ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು, ಅತ್ತೆ ತೀರಿಕೊಂಡ ಮೇಲೆ ಒಂಟಿಕೊಪ್ಪಲಿನ ನಮ್ಮ ಮನೆಯಲ್ಲೇ ಇದ್ದರು. ಹಿತ್ತಲಿನ ಕುಂಡಗಳಲ್ಲಿ ಪೈನ್ ಬೀಜ ಬಿತ್ತಿದರು. ಸಸಿಗಳೋ, ಬೆರಳುದ್ದ ಬೆಳೆದು ಹಳದಿ ತಿರುಗಿ ನಿಂತುಬಿಟ್ಟವು. ಅದಕ್ಕೆ ಮಾವ ಊಟಿ ಬಸ್ಸು ಹತ್ತಿ, ಅಲ್ಲಿನ ಹಳೆಯ ಪೈನ್ ಮರಗಳ ಬುಡದಿಂದ ಒಂದು ಚೀಲ ಮಣ್ಣು ಹೊತ್ತು ತಂದರು!

ಕಂಡಕ್ಟರ್ ಕೇಳಿದನಂತೆ: "ಮೈಸೂರಲ್ಲಿ ಮಣ್ಣಿಲ್ವೇನ್ ಸ್ವಾಮಿ?"

"ಐತೆ ಕಣಯ್ಯ. ಆದ್ರೆ ಇದ್ರಲ್ಲಿ ಸಂಸಾರ ಐತೆ!"

ಸಂಸಾರ ಎಂದರೆ ಅಣಬೆಯ ನೂಲು. ಅದು ಬೇರಿಗೆ ಸುತ್ತಿಕೊಂಡು ನೀರನ್ನೂ ಮಣ್ಣಿನ ಸಾರವನ್ನೂ ಮರಕ್ಕೆ ತಂದುಕೊಡುತ್ತದಂತೆ. ಮರ ಅದಕ್ಕೆ ಸಕ್ಕರೆ ಉಣಿಸುತ್ತದಂತೆ. ನಾನೋ ಸ್ಕೂಲಿನಲ್ಲಿ ಆರೋಗ್ಯಶಾಸ್ತ್ರ ಬೋಧಿಸುವ ಮೇಷ್ಟರು. ಚೀಲ ಬಿಚ್ಚಿ ನೋಡಿದರೆ ಬಿಳಿ ಬೂಷ್ಟು! ಮಾವ ಮಧ್ಯಾಹ್ನ ಮಲಗಿದ್ದಾಗ ಅಷ್ಟೂ ಮಣ್ಣನ್ನು ಬಾಣಲೆಗೆ ಸುರಿದು ಘಮ್ಮೆನ್ನುವಂತೆ ಹುರಿದೆ.

"ಉಪ್ಪಿಟ್ಟಿಗೇನ್ರೀ?" ಎಂದಳು ಹೆಂಡತಿ.

"ಕ್ರಿಮಿನಾಶ!" ಎಂದೆ, ಎದೆಯುಬ್ಬಿಸಿ. ಆರಿಸಿ ಮತ್ತೆ ಚೀಲಕ್ಕೆ ತುಂಬಿಟ್ಟೆ.

ಮಾವ ಆ ಮಣ್ಣನ್ನೇ ಕುಂಡಗಳಿಗೆ ಹಾಕಿ ತಿಂಗಳು ಕಾದರು. ಸಸಿಗಳು ಒಂದೊಂದಾಗಿ ಒಣಗಿದವು. ಕಡೆಗೆ ನಾನೇ, ಏನೋ ಮಹಾ ಉಪಕಾರ ಮಾಡಿದವನ ಹಾಗೆ, ಹುರಿದ ಸಂಗತಿ ಹೇಳಿದೆ.

"ಮೇಷ್ಟ್ರಾಗಿ ಇಷ್ಟೂ ತಿಳೀದೇನೋ? ಸಂಸಾರಾನೇ ಸುಟ್ಬುಟ್ಟೆಯಲ್ಲೋ!"

ಹೆಂಡತಿ ಕಿಸಕ್ಕನೆ ನಕ್ಕಳು. ನನಗೆ ಮೈಯೆಲ್ಲ ಉರಿದುಹೋಯಿತು. "ಆ ಬೂಷ್ಟಿನ ಹಾಗೇ ನೀವೂ ನಮ್ಮನೆಗೆ ಅಂಟ್ಕೊಂಡಿದ್ದೀರಿ" ಎಂದುಬಿಟ್ಟೆ. ಮರುದಿನ ಬೆಳಿಗ್ಗೆ ಮಾವ ಟ್ರಂಕಿಗೆ ಹಗ್ಗ ಬಿಗಿದು, ಹಿನಕಲ್ಲಿನ ಚಿಕ್ಕಮ್ಮನ ಮನೆಗೆ ಹೊರಟುಹೋದರು.

ಆಮೇಲೆ ತಿಳಿಯಿತು ನೋಡಿ, ಯಾರು ಯಾರನ್ನು ಸಾಕುತ್ತಿದ್ದರೆಂದು! ಬೀದಿ ನಲ್ಲಿಯ ನೀರು ತರಲು ಹೋಗಿ ನಾನು ಬಿಂದಿಗೆ ಸಮೇತ ಬಿದ್ದೆ. ಮೇಷ್ಟರಾದ ನನ್ನ ದೊಡ್ಡ ಮಗಳಿಗೆ ಮಗ್ಗಿ ಹೇಳಿಕೊಡುತ್ತಿದ್ದವರೂ ಮಾವನೇ ಅಂತೆ! ಮಾವನ ಹೆಗಲ ಮೇಲೇ ನಿದ್ದೆ ಹೋಗುತ್ತಿದ್ದ ಕೈಗೂಸು ಅತ್ತಾಗ ನಾನು ಎತ್ತಿಕೊಂಡರೆ, ಅದು ನನ್ನ ಮುಖ ನೋಡಿ ಇನ್ನೂ ಜೋರಾಗಿ ರಾಗ ತೆಗೆಯಿತು. ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ನಾಲ್ಕನೆಯ ದಿನ ಸೈಕಲ್ ತುಳಿದು ಹಿನಕಲ್ಲಿಗೆ ಹೋದೆ. ಮಾವ ಜಗಲಿಯ ಮೇಲೆ ರಸ್ತೆ ನೋಡುತ್ತ ಕೂತಿದ್ದರು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ ಭಾಷಣ ಸೈಕಲ್ ಇಳಿಯುವಷ್ಟರಲ್ಲಿ ಮರೆತೇಹೋಯಿತು.

"ತಪ್ಪಾಯ್ತು ಮಾವ. ನೀವಿಲ್ದೆ ನಮಗಾಗಲ್ಲ, ಬನ್ನಿ" ಎಂದಷ್ಟೇ ಅಂದೆ.

ಅವರು ತಲೆ ತಗ್ಗಿಸಿದರು. ಚಿಕ್ಕಮ್ಮ ಒಳಗಿನಿಂದ ಟ್ರಂಕನ್ನು ಎಳೆದು ತಂದು ನನ್ನ ಮುಂದಿಟ್ಟರು.

"ಹಗ್ಗ ಬಿಚ್ಚಾಕೇ ಬುಡ್ನಿಲ್ಲ ಕಣೋ. ನಾಲ್ಕು ದಿನದಿಂದ ಉಟ್ಟ ಪಂಚೇಲೇ ಅವ್ರೆ. ಬತ್ತಾನೆ, ಬತ್ತಾನೆ ಅಂತ."