ನಾಲೆಯ ಸೌಡಿಯೂ ಗಾಳಿ ದೋಣಿಯೂ

ನೀರಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ಮೂವತ್ತೊಂದು ವರ್ಷ ಭದ್ರಾ ನಾಲೆಯ ಮೇಲೆ ಸೌಡಿಯಾಗಿದ್ದವನು ನಾನು. ಗೇಟು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಯಾವತ್ತು ನೀರು ಎಂದು ಹೇಳುವುದು ನನ್ನ ಕೆಲಸ. ಬಾ ಎಂದರೆ ನೀರು ಬರುತ್ತಿತ್ತು, ನಿಲ್ಲು ಎಂದರೆ ನಿಲ್ಲುತ್ತಿತ್ತು. ರೈತರು ಮಾತ್ರ ನನ್ನ ಮಾತು ಕೇಳುತ್ತಿರಲಿಲ್ಲ.

ಇಂಥವನ ಹೆಂಡತಿ ಗಿರಿಜೆಗೆ ನೀರೆಂದರೆ ಪ್ರಾಣಭಯ. ಏಳು ವರ್ಷದವಳಿದ್ದಾಗ ಬಟ್ಟೆ ಒಗೆಯುವ ಮೆಟ್ಟಿಲಿನಿಂದ ಜಾರಿ ನಾಲೆಗೆ ಬಿದ್ದಿದ್ದಳಂತೆ. ಯಾರೋ ಜಡೆ ಹಿಡಿದು ಎಳೆದು ಹಾಕಿದರಂತೆ. ಅಂದಿನಿಂದ ಹರಿಯುವ ನೀರಿಗೆ ಕಾಲಿಟ್ಟವಳಲ್ಲ. ಜನ್ನಾಪುರದ ನಮ್ಮ ಮನೆಯಲ್ಲಿ ಸಂಪಿನ ಮುಚ್ಚಳ ತೆಗೆಯುವುದೂ ನನ್ನ ಪಾಲಿಗೇ ಬಿದ್ದಿದೆ. ಊರವರಿಗೆಲ್ಲ ನೀರು ಕೊಟ್ಟವನು ಹೆಂಡತಿಯ ಈ ಭಯವನ್ನು ಹಾಗೇ ಬಿಟ್ಟೆನಲ್ಲ ಎಂದು ನನಗೆ ನಿಜವಾಗಿಯೂ ಬೇಸರವಿತ್ತು. ನಿವೃತ್ತನಾದ ಮೇಲೆ ಒಂದೇ ಒಂದು ಸಲ ಇವಳನ್ನು ನೀರಿನ ಮೇಲೆ ಕೂರಿಸಬೇಕು ಎಂದು ನಿಶ್ಚಯ ಮಾಡಿದೆ.

ಶಿವಮೊಗ್ಗದ ಅಂಗಡಿಯೊಂದರಲ್ಲಿ ಗಾಳಿ ತುಂಬುವ ದೋಣಿ ಸಿಕ್ಕಿತು. ಹಳದಿ ಬಣ್ಣ, ಇಬ್ಬರು ಕೂರುವಷ್ಟು ಜಾಗ, ಎರಡು ಹುಟ್ಟು, ಕಾಲಲ್ಲಿ ಒತ್ತುವ ಪಂಪು. ಜೊತೆಗೊಂದು ಸುರಕ್ಷತಾ ಸೂಚನೆಗಳ ಹಾಳೆ. ಅದನ್ನು ಇಲಾಖೆಯ ಸುತ್ತೋಲೆಯ ಗೌರವ ಕೊಟ್ಟು ಎರಡು ಸಲ ಓದಿದೆ. ಲೈಫ್ ಜಾಕೆಟ್ ಹಾಕಬೇಕು, ಸೀಟಿ ಇರಬೇಕು, ದಡದಲ್ಲಿ ಒಬ್ಬರಿಗೆ ಹೇಳಿರಬೇಕು, ಉಬ್ಬರ ಇಳಿತದ ಹೊತ್ತು ತಿಳಿದಿರಬೇಕು, ದೋಣಿ ಬಿಟ್ಟು ಇಳಿಯಬಾರದು. ಎಲ್ಲವೂ ಗೊತ್ತಿದ್ದ ಸಂಗತಿಗಳೇ ಎನ್ನಿಸಿತು.

ತರಬೇತಿ ನಮ್ಮ ತಾರಸಿಯ ಮೇಲೆ ನಡೆಯಿತು. ನಾನು ದೋಣಿಯಲ್ಲಿ ಕೂತು ಹುಟ್ಟು ಎಳೆಯುತ್ತಿದ್ದೆ, ಗಿರಿಜೆ ಎದುರು ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದ ಮನೆಯ ರಾಜಣ್ಣ ತಮ್ಮ ತಾರಸಿಯಿಂದ ಇಣುಕಿದರು.

"ಏನ್ ಸೌಡಿ ಸಾಹೇಬ್ರೆ, ಡ್ಯಾಮ್ ಏನಾದ್ರೂ ಒಡೀತದಂತಾ?"

"ಟ್ರೇನಿಂಗು ರಾಜಣ್ಣ."

"ಇಲ್ಲೇ ಚೆನ್ನಾಗಿದೆ ಕಣ್ರೀ," ಎಂದಳು ಗಿರಿಜೆ. "ಗಾಳೀನೂ ಬರುತ್ತೆ. ಇಲ್ಲೇ ಇರೋಣ."

ವಾರವಿಡೀ ಪುಸಲಾಯಿಸಿದ ಮೇಲೆ ಮೂರು ಷರತ್ತಿನ ಮೇಲೆ ಒಪ್ಪಿದಳು. "ನೀರು ಸೊಂಟ ಮೀರಬಾರ್ದು. ದಡ ಕಾಣ್ತಿರ್ಬೇಕು. ನೀವು ಜಾಸ್ತಿ ಮಾತಾಡ್ಬಾರ್ದು."

ಅವಳ ತಂಗಿಯ ಗಂಡ ಮಹೇಶ ಬ್ಯಾಂಕಿನವನು. ಘಟ್ಟದ ಕೆಳಗಿನ ಊರೊಂದಕ್ಕೆ ವರ್ಗವಾಗಿದ್ದಾನೆ. ಅವನ ಮನೆಯ ಹಿಂದೆಯೇ ನದಿ ಸಮುದ್ರ ಸೇರುವ ಅಳಿವೆ. ನೀರು ವಿಶಾಲ, ಆಳ ಕಡಿಮೆ. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ, ಅರ್ಧ ಗಂಟೆ ಪಂಪು ಒತ್ತಿ ಗಾಳಿ ತುಂಬಿದೆ. ಮಹೇಶ ತಲೆ ಕೆರೆದುಕೊಂಡ.

"ಅಣ್ಣ, ಇಳಿತ ಶುರುವಾಗಿದೆ ಅಂತಾರೆ ಇಲ್ಲಿಯವರು. ಸಂಜೆ ಹೋದ್ರೆ ಹೇಗೆ?"

"ನೀರು ಇಳಿಯೋದು ಅಷ್ಟು ಸುಲಭ ಅಲ್ಲ ಮಾರಾಯ. ನಮ್ಮ ನಾಲೇಲಿ ಗೇಟು ಪೂರ್ತಿ ಹಾಕಿದ್ರೂ ತಳ ಕಾಣೋದು ಮೂರನೇ ದಿನಕ್ಕೆ."

ಹಿರಿಯ ಷಡ್ಡಕನ ಎದುರು ವಾದ ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಅವನು ದೋಣಿಯ ಇನ್ನೊಂದು ತುದಿ ಹಿಡಿದ.

ಮುಂಜಾಗ್ರತೆಯಾಗಿ ನೂರಡಿ ಹಗ್ಗ ತಂದಿದ್ದೆ. ಅದರ ಒಂದು ತುದಿಯನ್ನು ದಡದ ತೆಂಗಿನ ಮರಕ್ಕೆ ಮೂರು ಗಂಟು ಹಾಕಿ ಕಟ್ಟಿದೆ. ಮರ ಕಿತ್ತು ಬಂದರೂ ಗಂಟು ಬಿಚ್ಚುವಂತಿರಲಿಲ್ಲ. ಇನ್ನೊಂದು ತುದಿಯನ್ನು ದೋಣಿಗೆ ಕಟ್ಟಬೇಕು, ಅಷ್ಟರಲ್ಲಿ ಗಿರಿಜೆ ಹತ್ತುವಾಗ ಹೆದರಿ ನನ್ನ ಎರಡೂ ಕೈ ಹಿಡಿದುಕೊಂಡಳು. ಹಗ್ಗದ ತುದಿಯನ್ನು ದೋಣಿಯೊಳಗೆ ಹಾಕಿ ಅವಳನ್ನು ಕೂರಿಸಿದೆ. ಕಟ್ಟುವುದು ಮರೆತೇಹೋಯಿತು.

ಹುಟ್ಟು ಹಾಕುವ ಅಗತ್ಯವೇ ಬೀಳಲಿಲ್ಲ. ದೋಣಿ ತಾನಾಗಿಯೇ ಹೊರಟಿತು. ನನ್ನ ಕೈಗುಣ ಎಂದುಕೊಂಡೆ. ಗಿರಿಜೆ ಕಣ್ಣು ಮುಚ್ಚಿ ಶಿವನನ್ನು ನೆನೆಯುತ್ತಿದ್ದವಳು ಸ್ವಲ್ಪ ಹೊತ್ತಿನ ಮೇಲೆ ಒಂದು ಕಣ್ಣು ತೆರೆದಳು. "ತಿಳಿಯಾಗಿದೆ ಅಲ್ವಾ ನೀರು," ಎಂದಳು. ನನಗಾದ ಸಂತೋಷ ಅಷ್ಟಿಷ್ಟಲ್ಲ.

"ಅದ್ಸರಿ, ಮಹೇಶ ಯಾಕ್ರೀ ಇಷ್ಟು ಚಿಕ್ಕೋನು ಕಾಣ್ತಾನೆ?"

ತಿರುಗಿ ನೋಡಿದೆ. ದಡ ಬಹಳ ಹಿಂದೆ ಉಳಿದಿತ್ತು. ಮುಂದೆ ಅಳಿವೆಯ ಬಾಯಿ, ಅದರಾಚೆ ಬಿಳಿ ನೊರೆ. ಇಳಿತದ ನೀರು ನಮ್ಮನ್ನು ಸಮುದ್ರದ ಕಡೆ ಒಯ್ಯುತ್ತಿತ್ತು. ದಡದ ಕಡೆ ಮುಖ ಮಾಡಿ ಕೂತು ಹುಟ್ಟು ಎಳೆದೆ. ದಡ ಇನ್ನೂ ದೂರ ಹೋಯಿತು. ಜೋರಾಗಿ ಎಳೆದೆ. ಜೋರಾಗಿ ದೂರ ಹೋಯಿತು. ಹುಟ್ಟು ಎಳೆದರೆ ದೋಣಿ ನಮ್ಮ ಬೆನ್ನಿನ ದಿಕ್ಕಿಗೆ ಹೋಗುತ್ತದೆ ಎಂಬುದು ತಾರಸಿಯ ಮೇಲೆ ತಿಳಿಯಲು ಅವಕಾಶವಿರಲಿಲ್ಲ. ಅಲ್ಲಿ ಅದು ಯಾವ ದಿಕ್ಕಿಗೂ ಹೋಗುತ್ತಿರಲಿಲ್ಲ.

"ಹಗ್ಗ ಎಳಿ!" ಎಂದು ಕೂಗಿ ಸೀಟಿ ಊದಿದೆ.

ಮಹೇಶ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಎಳೆದ. ಹಗ್ಗ ಸರಾಗವಾಗಿ ಪೂರ್ತಿ ಅವನ ಕೈಗೆ ಹೋಯಿತು. ಗಿರಿಜೆ ನನ್ನ ತೋಳು ಹಿಡಿದುಕೊಂಡಳು, ಅವಳ ಕೈ ತಣ್ಣಗಾಗಿತ್ತು. ಇವಳನ್ನು ಎರಡನೇ ಸಲ ಮುಳುಗಿಸುವವನು ನಾನೇ ಆಗಿಬಿಟ್ಟೆನಲ್ಲ ಎಂದುಕೊಂಡು ಮತ್ತೆ ಸೀಟಿ ಊದಿದೆ.

ಆಗ ದೋಣಿಯ ತಳ ಕರಕರ ಎಂದು ನಿಂತಿತು. ಮರಳ ದಿಬ್ಬ. ನೋಡನೋಡುತ್ತಿದ್ದಂತೆ ಸುತ್ತಲ ನೀರು ಇಳಿದು, ದೋಣಿ ಮರಳಿನ ಮೇಲೆ ತಾರಸಿಯಲ್ಲಿದ್ದಂತೆಯೇ ಕೂತಿತು. ಮೂರು ದಿನದ ನನ್ನ ಲೆಕ್ಕ ಮುಕ್ಕಾಲು ಗಂಟೆಯಲ್ಲಿ ಮುಗಿದಿತ್ತು.

ಅಲ್ಲೇ ಚಿಪ್ಪು ಹೆಕ್ಕುತ್ತಿದ್ದ ಹೆಂಗಸೊಬ್ಬಳು ಬುಟ್ಟಿ ಹಿಡಿದು ಹತ್ತಿರ ಬಂದಳು. "ಎಂತಕ್ಕೆ ಕೂತ್ಕಂಡಿದ್ರಿ? ಇಳ್ದು ಬನ್ನಿ ಅಮ್ಮ, ದಡದವರೆಗೂ ಮೊಣಕಾಲು ಮುಳುಗೂದಿಲ್ಲ."

"ದೋಣಿ ಬಿಟ್ಟು ಇಳೀಬೇಡ ಕಣೇ, ಹಾಳೇಲಿ ಬರೆದಿದೆ," ಎಂದೆ ನಾನು.

ಆ ಹೆಂಗಸು ಚಾಚಿದ ಕೈಯನ್ನು ಗಿರಿಜೆ ನೋಡಿದಳು. ನನ್ನ ಮುಖ ನೋಡಿದಳು. ಆಮೇಲೆ ಆ ಕೈ ಹಿಡಿದು ಇಳಿದಳು. ಮೊದಲ ಹೆಜ್ಜೆಗೆ ಕಣ್ಣು ಮುಚ್ಚಿದಳು, ಎರಡನೆಯದಕ್ಕೆ ತೆರೆದಳು. ಆ ಹೆಂಗಸು ಅವಳಿಗೆ ಬೆರಳಿನಿಂದ ಮರಳು ತಡಕಿ ಚಿಪ್ಪು ಹುಡುಕುವುದನ್ನು ತೋರಿಸಿದಳು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಗಿರಿಜೆ ಬಗ್ಗಿ ನೀರಿಗೆ ಕೈ ಹಾಕಿ ತಾನೇ ಒಂದು ಚಿಪ್ಪು ಎತ್ತಿದಳು, ನಗತೊಡಗಿದಳು. ಐವತ್ತು ವರ್ಷದ ಭಯ ಹತ್ತು ಹೆಜ್ಜೆಗೆ ಹೋಯಿತು. ನಾನು ಇಳಿದ ಕಡೆ ಮಾತ್ರ ಕೆಸರಿತ್ತು. ಚಪ್ಪಲಿ ಅಲ್ಲೇ ಉಳಿಯಿತು. ದೋಣಿಯನ್ನು ತಲೆಯ ಮೇಲೆ ಹೊತ್ತು ಅವರ ಹಿಂದೆ ನಡೆದೆ.

"ಇವರಿಗೆ ಎಂತ ಕೆಲಸ?" ಎಂದು ಅವಳು ಕೇಳಿದ್ದು ಕಿವಿಗೆ ಬಿತ್ತು.

"ನೀರಿನ ಇಲಾಖೇಲಿದ್ರು," ಎಂದಳು ಗಿರಿಜೆ.

ಸಂಜೆ ಉಬ್ಬರ ಬಂದು ಅಳಿವೆ ಮತ್ತೆ ತುಂಬಿತು. ಗಿರಿಜೆ ಸೀರೆ ಎತ್ತಿ ಕಟ್ಟಿ ದಡದ ನೀರಿನಲ್ಲಿ ನಿಂತಿದ್ದಳು. ನಾನು ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ, "ಭಯ ಹೋಯ್ತಲ್ಲ, ಇನ್ನೊಂದು ಸುತ್ತು ಹೋಗೋಣ್ವಾ?"

"ಹೋಗಿದ್ದು ನೀರಿನ ಭಯ ಕಣ್ರೀ," ಎಂದಳು. "ನಿಮ್ಮ ಭಯ ಇವತ್ತಿಂದ ಶುರುವಾಗಿದೆ."

ನಾನು ವಾಪಸು ಬಂದು ದೋಣಿಯ ಮುಚ್ಚಳ ಬಿಚ್ಚಿದೆ. ಅರ್ಧ ಗಂಟೆ ತುಂಬಿದ್ದ ಗಾಳಿ ಅರ್ಧ ನಿಮಿಷದಲ್ಲಿ ಹೊರಟುಹೋಯಿತು.