ಓದದೇ ಬರೆದ ಮುನ್ನುಡಿ

ಸಿಂದಗಿಯಿಂದ ಮುದ್ದೇಬಿಹಾಳದವರೆಗೆ ಯಾರೇ ಕವಿತೆ ಬರೆಯಲಿ, ಮುನ್ನುಡಿ ಮಾತ್ರ ನಿವೃತ್ತ ಪ್ರಾಧ್ಯಾಪಕ ಶ್ರೀಶೈಲಪ್ಪನವರದೇ. ಕವಿ ಹಸ್ತಪ್ರತಿ ಕೊಟ್ಟು, ಚಹಾ ಕುಡಿದು ಕಪ್ಪು ಕೆಳಗಿಡುವಷ್ಟರಲ್ಲಿ ಮುನ್ನುಡಿ ಸಿದ್ಧ. ಇಷ್ಟು ಚುರುಕಾದ ವಿಮರ್ಶಕ ಮೂರು ಲೋಕದಲ್ಲಿಲ್ಲ. ಇದರಲ್ಲಿ ಉತ್ಪ್ರೇಕ್ಷೆ ಕಂಡರೆ ತಪ್ಪು ಅವರದು, ನನ್ನದಲ್ಲ. ಗುಟ್ಟೆಂದರೆ, ಅವರು ಓದುತ್ತಿರಲಿಲ್ಲ. ‘ಈ ಸಾಲುಗಳಲ್ಲಿ ನನ್ನನ್ನೇ ಕಂಡೆ. ನಲವತ್ತು ವರ್ಷ ನಾನು ಎದೆಯಲ್ಲಿ ಬಚ್ಚಿಟ್ಟದ್ದನ್ನು ಇಲ್ಲಿ ಧೈರ್ಯದಿಂದ ಹೇಳಲಾಗಿದೆ’ ಎಂಬ ಒಂದೇ ಮಾತು ಕುರಿಗಾಹಿಯ ಹಾಡಿಗೂ ಒಪ್ಪುತ್ತಿತ್ತು, ಶಿಶುಗೀತೆಗೂ ಒಪ್ಪುತ್ತಿತ್ತು. ಮುನ್ನುಡಿಯನ್ನು ಓದುವವರೂ ಇರಲಿಲ್ಲವಾದ್ದರಿಂದ ಸಾಹಿತ್ಯ ಸುಖವಾಗಿತ್ತು.

ವರದಾ ಎಂಬ ಯುವ ಕವಯಿತ್ರಿ ತನ್ನ ಗೆಳೆಯರೊಡನೆ ತಂದ ಸಂಕಲನಕ್ಕೂ ಅದೇ ಮಾತು ಹೋಯಿತು. ಬಿಡುಗಡೆಯ ದಿನ ಮುಂಜಾನೆ ಪುಸ್ತಕ ಮನೆಗೆ ಬಂತು. ಹೆಂಡತಿ ಕಾಶಿಬಾಯಿ ಒಲೆಯ ಮುಂದೆಯೇ ಓದಿ ಮುಗಿಸಿದರು.

“ಕವಿತಾ ಭಾಳ ಚಲೋ ಅದಾವ್ರಿ. ಹುಡುಗ ಹುಡುಗನ್ನ, ಹುಡುಗಿ ಹುಡುಗಿನ್ನ ಪ್ರೀತಿ ಮಾಡಿದ್ದು, ಅವರವರ ಕಥಿ ಅವರ ಬರದಾರ. ಅಲ್ರೀ, ನೀವು ನಲವತ್ತು ವರ್ಷ ಬಚ್ಚಿಟ್ಟಿದ್ದು ಯಾರನ್ನ?”

ಶ್ರೀಶೈಲಪ್ಪನವರ ಕೈಯ ರೊಟ್ಟಿ ಬಾಯಿಯ ದಾರಿ ಮರೆತು ಕಿವಿಯ ಹತ್ತಿರ ನಿಂತಿತು.

“ನಾ ಓದಿಲ್ಲೇ, ಕಾಶಿ.”

“ಅದು ನನಗ ಗೊತ್ತೈತಿ. ಊರಿಗೆ ಗೊತ್ತಿಲ್ಲಲ್ರಿ.”

ಸಂಜೆ ಪುಸ್ತಕ ಬಿಡುಗಡೆಯ ವೇದಿಕೆಯಲ್ಲೇ ತಾಲೂಕು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರ ಹೆಸರು ಹೇಳುವವರಿದ್ದರು. ಆ ಕುರ್ಚಿಗಾಗಿ ಶ್ರೀಶೈಲಪ್ಪನವರು ವರ್ಷಗಟ್ಟಲೆ ಎಲ್ಲರ ಮದುವೆಗೂ ಹೋಗಿದ್ದರು, ಕರೆಯದಿದ್ದವರದಕ್ಕೂ.

ಹೊಸ ಕೋಟು ತರಲು ಹೋದರೆ ಟೇಲರ್ ಖಾಜಾಸಾಬ ಅವರ ಕೈ ಹಿಡಿದುಕೊಂಡ. “ಸರ, ಇವತ್ತಿನ ಪೇಪರಿನ್ಯಾಗ ನಿಮ್ಮ ಮುನ್ನುಡಿ ಓದೇನ್ರಿ. ಈಗರೆ ಮನಸ್ಸು ಹಗರ ಆತಿಲ್ರಿ?”

ಮೋರಟಗಿಯಿಂದ ಬೀಗರ ಫೋನು: “ಮೊದಲ ಹೇಳಿದ್ರ ನಾವೇನು ಬ್ಯಾಡ ಅಂತಿದ್ವೇನ್ರಿ?”

ಇಂಡಿಯಿಂದ, ಬಸವನ ಬಾಗೇವಾಡಿಯಿಂದ, ಯಾವ ಪುಸ್ತಕವನ್ನೂ ಮುಟ್ಟದವರಿಂದಲೂ ಸಮಾಧಾನ ಸುರಿಯಿತು. ಫೋನು ಎಷ್ಟು ಕಾಯಿತೆಂದರೆ ಅದರ ಮೇಲೆ ಇನ್ನೊಂದು ರೊಟ್ಟಿ ಬೇಯಿಸಬಹುದಿತ್ತು. ಶ್ರೀಶೈಲಪ್ಪನವರಿಗೆ ಪ್ರತಿ ಸಮಾಧಾನವೂ ಕುರ್ಚಿಯ ಒಂದೊಂದು ಕಾಲು ಮುರಿದಂತೆ ಕೇಳಿಸಿತು.

ಸಂಜೆ ಸಭೆ ತುಂಬಿತ್ತು. ಸಮ್ಮೇಳನ ಸಮಿತಿಯ ಕಾರ್ಯದರ್ಶಿ ಪಾಂಡುರಂಗರಾಯರು ಬಾಯಿ ತೆರೆಯುವ ಮೊದಲೇ ಶ್ರೀಶೈಲಪ್ಪನವರು ಮೈಕು ಕಸಿದುಕೊಂಡರು.

“ಆಣಿ ಮಾಡಿ ಹೇಳ್ತೇನಿ, ಈ ಪುಸ್ತಕದ ಒಂದು ಪುಟಾನೂ ನಾ ಓದಿಲ್ಲ. ಇದನ್ನಷ್ಟೇ ಅಲ್ಲ, ಯಾರದೂ ಓದಿಲ್ಲ. ಎಲ್ಲಾರಿಗೂ ಅದ ಮಾತು ಬರದು ಕೊಟ್ಟೇನಿ.”

ಹೇಳಿ, ಕಳಂಕ ತೊಳೆದುಕೊಂಡವರಂತೆ ಎದೆಯುಬ್ಬಿಸಿ ಕುಳಿತರು. ವರದಾ ಮಾತ್ರ ನಕ್ಕುಬಿಟ್ಟಳು.

ಪಾಂಡುರಂಗರಾಯರು ಕನ್ನಡಕ ತೆಗೆದರು. “ಎಂಥಾ ಕೆಲಸ ಮಾಡಿದ್ರಿ ಸರ. ಇಷ್ಟು ವರ್ಷ ನಿಮ್ಮ ಹೆಸರು ಬಂದಾಗೆಲ್ಲಾ, ಈ ಮನಷ್ಯಾ ಒಂದು ಖರೇ ಮಾತು ಬರದಿಲ್ಲ ಅಂತ ನಾನೇ ಅಡ್ಡ ಹಾಕ್ತಿದ್ದೆ. ಈ ಮುನ್ನುಡಿ ಓದಿ ಕಣ್ಣಾಗ ನೀರು ಬಂತು. ಮುಂಜಾನೆ ಜಗಳಾಡಿ ನಿಮ್ಮನ್ನ ಅಧ್ಯಕ್ಷರನ್ನ ಮಾಡಿದ್ದೆ.”

ಶ್ರೀಶೈಲಪ್ಪನವರು ಮತ್ತೆ ಮೈಕಿನತ್ತ ಕೈ ಚಾಚಿದರು. ರಾಯರು ಅದನ್ನು ಹಿಂದಕ್ಕೆಳೆದುಕೊಂಡರು.

“ಸಾಕ್ರಿ. ಕೆಳಗ ಹೋಗಿ ಕೂಡ್ರಿ. ವರದಾಬಾಯಿ, ನೀವು ಬರ್ರಿ, ಅಧ್ಯಕ್ಷರ ಕುರ್ಚಿ ಇಲ್ಲೈತಿ.”

ಕೆಳಗೆ ಖಾಲಿಯಿದ್ದದ್ದು ಒಂದೇ ಜಾಗ. ಅದರ ಎಡಕ್ಕೂ ಬಲಕ್ಕೂ ಹಿಂದಕ್ಕೂ, ಅವರಿಂದ ಮುನ್ನುಡಿ ಬರೆಸಿಕೊಂಡ ನಾಲ್ಕೂ ತಾಲೂಕಿನ ಕವಿಗಳು ಅಂಗಿಯ ತೋಳು ಮೇಲೇರಿಸುತ್ತ ಕಾಯುತ್ತಿದ್ದರು.