ಮಾಗಳದ ದೋಣಿಗೆ ಒಲೆ ಕೂರಿಸಿದ್ದು

ಹಡಗಲಿಯಲ್ಲಿ ನಮ್ಮದು ತಗಡಿನ ಅಂಗಡಿ. ಬಕೆಟ್ಟಿಗೆ ತಳ ಹಾಕುವುದು, ಕಾಳಿನ ಡಬ್ಬಿ ಮಾಡುವುದು, ಖಾನಾವಳಿಯವರಿಗೆ ಕಟ್ಟಿಗೆ ಒಲೆ ಮಾಡಿಕೊಡುವುದು, ಇದೇ ಕಸುಬು. ಒಲೆ ಅಂಗಡಿಯಲ್ಲಿ ಇರುವವರೆಗೆ ಹೇಳಿದ ಮಾತು ಕೇಳುತ್ತದೆ. ಗಿರಾಕಿಯ ಮನೆ ಸೇರಿದ ಮರುದಿನವೇ ನನ್ನ ಮರ್ಯಾದೆ ತೆಗೆಯಲು ಶುರು ಮಾಡುತ್ತದೆ. ಇದೆಲ್ಲ ನನಗೆ ರೂಢಿ. ಆದರೆ ಅಲ್ಲಿಯವರೆಗೆ ಮರ್ಯಾದೆ ಹೋದದ್ದೆಲ್ಲ ನೆಲದ ಮೇಲೆ. ನೀರಿನ ಮೇಲೆ ಹೋದದ್ದು ಹೋದ ವರ್ಷ, ಅದೇ ಮೊದಲು.

ಆಳ

ಮಾಗಳದ ಕಡೆಯಿಂದ ಮೀನು ಹಿಡಿಯುವ ಗಂಡ ಹೆಂಡತಿ ಅಂಗಡಿಗೆ ಬಂದರು. ಅವರ ದೋಣಿಯ ಮೇಲೆ ತಗಡಿನ ಒಂದು ಪುಟ್ಟ ಕೋಣೆ. ಹೊಳೆಗೆ ಇಳಿದರೆ ನಾಲ್ಕೈದು ದಿನ ಅಲ್ಲೇ ಅಡುಗೆ, ಅಲ್ಲೇ ಊಟ. ಮೂರು ಕಲ್ಲಿನ ಒಲೆಯ ಹೊಗೆ ಕುಡಿದು ಕುಡಿದು ಆಕೆಗೆ ಬಿಡದ ಕೆಮ್ಮು ಹತ್ತಿತ್ತು. ಡಾಕ್ಟರು, "ಹೊಗಿ ಬಿಡು, ಇಲ್ಲಾ ದೋಣಿ ಬಿಡು" ಅಂದುಬಿಟ್ಟಿದ್ದರಂತೆ.

"ಗ್ಯಾಸ್ ಇಟ್ಕೊಳ್ರಿ" ಅಂದೆ.

"ಇಟ್ಟಿದ್ವಿ, ಗಾಳಿಗೆ ನಿಲ್ಲಂಗಿಲ್ಲ. ದಂಡಿಮ್ಯಾಲ ಜಾಲಿ ಕಟ್ಟಿಗಿ ಬೇಕಾದಷ್ಟು ಐತಿ. ಪೈಪಿನ ಒಲಿ ಮಾಡಿಕೊಡ್ರಿ ಸಾಬ್ರ" ಅಂದ ಗಂಡ. "ಈಕಿ ದೋಣಿ ಬಿಟ್ರ ನಾನೂ ಬಿಟ್ಟಂಗ. ಬಲಿ ಬೀಸೋದು ಈಕೀನ. ನಾನು ಬರೇ ಹುಟ್ಟು ಹಾಕಾಂವ."

ಒಪ್ಪಿಕೊಂಡೆ. ಆಮೇಲೆ ನೆನಪಾಯಿತು, ಕೂರಿಸಲು ನಾನೇ ಹೋಗಬೇಕು, ನನಗೆ ಈಜು ಬಾರದು. ಮೆಲ್ಲಗೆ ಕೇಳಿದೆ, "ಅಲ್ಲಿ ಹೊಳಿ ಎಷ್ಟು ಆಳ ಐತಿ?"

ಆಕೆ ನನ್ನನ್ನು ಕಾಲಿಂದ ತಲೆಯವರೆಗೆ ಒಮ್ಮೆ ನೋಡಿ, "ನಿಮಗ ಸಾಕಾಗತೈತಿ ಬಿಡ್ರಿ" ಅಂದಳು.

ಮೊದಲ ಉರಿ

ಅಂಗಡಿ ಮುಂದೆ ಹಚ್ಚಿ ನೋಡಿದಾಗ ಆ ಒಲೆ ಹೊಗೆಯನ್ನು ಹೇಗೆ ಎಳೆಯಿತೆಂದರೆ ಪಕ್ಕದ ಸೈಕಲ್ ರಿಪೇರಿಯವನು ಬಂದು ಬೆನ್ನು ತಟ್ಟಿದ್ದ. ಅದನ್ನೇ ದೋಣಿಯ ಕೋಣೆಯಲ್ಲಿ ಉಸುಕು ಹಾಸಿ ಕೂರಿಸಿ, ಮೇಲ್ಛಾವಣಿ ಕೊರೆದು ಪೈಪು ಏರಿಸಿ, ಬಿಸ್ಮಿಲ್ಲಾ ಹೇಳಿ ಕಡ್ಡಿ ಗೀರಿದೆ. ಹೊಗೆ ಪೈಪಿನಲ್ಲಿ ಅರ್ಧ ದಾರಿ ಹೋಯಿತು. ಮನೆಯಲ್ಲಿ ಏನೋ ಮರೆತು ಬಂದವರ ಹಾಗೆ ತಿರುಗಿ ಬಂತು. ಬಂದದ್ದು ಹೋಗಲೇ ಇಲ್ಲ.

ಮೂವರೂ ಅಂಬೆಗಾಲಲ್ಲಿ ಹೊರಗೆ ಬಂದೆವು. ನಾನು ದೋಣಿಯ ಅಂಚನ್ನು ಎರಡೂ ಕೈಯಿಂದ ಹಿಡಿದು ಕಣ್ಣು ಮುಚ್ಚಿಕೊಂಡೆ. ಆಕೆ ಕೆಮ್ಮುತ್ತಿದ್ದಳು. ಒಂದೊಂದು ಕೆಮ್ಮೂ ನನ್ನ ಎದೆಗೇ ಬಡಿಯುತ್ತಿತ್ತು.

"ಹೊಸಾ ಒಲಿ ನೋಡ್ರಿ, ಹೊಂದ್ಕೊಳ್ಳಾಕ ಎರಡು ದಿನ ಬೇಕು" ಅಂದೆ.

ಗಂಡ ಕಣ್ಣೊರೆಸಿಕೊಳ್ಳುತ್ತ ಕೇಳಿದ, "ಯಾರು ಹೊಂದ್ಕೋಬೇಕ್ರಿ? ಅದೋ, ನಾವೋ?"

ಫೋನು

ಬರುವಾಗ ಹತ್ತು ಸಲ ಹೇಳಿದ್ದೆ, "ಒಳಗ ಕೆಂಡ ಇಟ್ಕೊಂಡು ಬಾಗಿಲ ಮುಚ್ಚಿ ಮಲಗಬ್ಯಾಡ್ರಿ. ಮಲಗಿದವರು ಏಳಂಗಿಲ್ಲ." ಇಬ್ಬರೂ ತಲೆಯಾಡಿಸಿದ್ದರು. ಆದರೆ ತಲೆಯಾಡಿಸುವವರು ಮಾತು ಕೇಳುತ್ತಾರೆಂದು ಯಾರು ಹೇಳಿದರು? ಮರುದಿನ ಬೆಳಗಿನ ನಮಾಜು ಮುಗಿಸಿ ಫೋನ್ ಮಾಡಿದೆ. ಎತ್ತಲಿಲ್ಲ. ಏಳು ಸಲ ಮಾಡಿದೆ. "ಬಲಿ ಎಳಿಯಾಕ ಹೋಗಿರ್ತಾರ, ಚಾ ಕುಡೀರಿ" ಅಂದಳು ನಮ್ಮಾಕಿ. ಚಹಾ ಅಲ್ಲೇ ಬಿಟ್ಟೆ.

ಗಾಡಿ ಹತ್ತಿ ಮಾಗಳಕ್ಕೆ ಓಡಿದೆ. ದೋಣಿ ದಂಡೆಗೆ ಕಟ್ಟಿತ್ತು. ಬಾಗಿಲಿನ ತಾಡಪಾಲು ಇಳಿಬಿಟ್ಟಿತ್ತು. ಒಂದು ಸದ್ದಿಲ್ಲ. ದಂಡೆಯ ಮೇಲಿಂದಲೇ "ಅಕ್ಕಾ!" ಎಂದು ಚೀರಿದೆ.

ನನ್ನ ಹಿಂದಿನ ಜಾಲಿ ಗಿಡದ ಬುಡದಿಂದ ಕಂಬಳಿ ಹೊದ್ದ ಗಂಡ ಎದ್ದು ನಿಂತ. "ಯಾಕ್ರಿ ಸಾಬ್ರ? ನೀವು ಹೆದರಿಸಿದ್ರಲ್ಲ, ಇಬ್ರೂ ಇಲ್ಲೇ ಮಲಗೀವಿ."

"ಫೋನ್ ಎತ್ತಬಾರದೇನೋ ಮಾರಾಯ!"

"ಅದು ಒಳಗ ಮಲಗಿತ್ರಿ. ಎದ್ದೈತೋ ಇಲ್ಲೋ ನೋಡಬೇಕು" ಅಂದ.

ಉದ್ದ ಪೈಪು

ಪೈಪು ಗಿಡ್ಡವಾಗಿದೆ, ಅದಕ್ಕೇ ಗಾಳಿ ಹೊಗೆಯನ್ನು ಒಳಗೆ ತಳ್ಳುತ್ತಿದೆ ಎಂದು ತೀರ್ಮಾನಿಸಿದೆ. ಒಂದಾಳುದ್ದ ಹೆಚ್ಚಿಸಿ, ತಲೆಗೊಂದು ತಗಡಿನ ಟೊಪ್ಪಿ ಹಾಕಿದೆ. ಸ್ವಲ್ಪ ಗುಣ ಕಂಡಿತು. ಖುಷಿಯಲ್ಲಿ ನನ್ನನ್ನೂ ಕೂರಿಸಿಕೊಂಡು ಹೊಳೆ ನಡುವೆ ಹೋದರು. ಬೇಡ ಅನ್ನಲು ನಾಚಿಕೆಯಾಗಿ ಕೂತೆ.

ಆಕೆ ಬಲೆ ತಿರುಗಿಸಿ ಬೀಸಿದಳು. ಬಲೆ ಪೈಪಿಗೆ ಸುತ್ತಿತು. ಪೈಪು ಬುಡಸಮೇತ ಕಿತ್ತು ಬಂದು, ನನ್ನ ಕಿವಿ ಸವರಿಕೊಂಡು ನೀರಿಗೆ ಬಿತ್ತು. ದೋಣಿ ಓಲಾಡಿತು. ನನಗೆ ಗೊತ್ತಿದ್ದ ದುವಾಗಳೆಲ್ಲ ಒಟ್ಟಿಗೇ ಬಾಯಿಗೆ ಬಂದವು.

ಆಕೆ ನಿಧಾನವಾಗಿ ಬಲೆ ಎಳೆದು, ಪೈಪನ್ನು ನನ್ನ ಮುಂದೆ ಮಲಗಿಸಿದಳು. "ಈ ವಾರದಾಗ ಸಿಕ್ಕಿದ್ದರಾಗ ಇದೇ ದೊಡ್ಡದು ನೋಡು ಸಾಬಣ್ಣ."

ತೂತು

ಪೈಪನ್ನು ಬಲೆಗೆ ಸಿಗದಂತೆ ಹಿಂಬದಿಗೆ ಕೂರಿಸಿದೆ. ಆದರೂ ಒಲೆ ಒಮ್ಮೆ ಉರಿಯುವುದು, ಒಮ್ಮೆ ಹೊಗೆಯುವುದು. ಒಲೆ ವಾಪಸ್ ಒಯ್ಯುತ್ತೇನೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಆಕೆ ಅಂದಳು, "ನಾನು ತಾಡಪಾಲು ಎತ್ತಿ ಹೊರಗ ಹೋದ್ರ ಭಗ್ಗಂತ ಉರಿತೈತಿ. ಒಳಗ ಬಂದು ಕುಂತ್ರ ಹೊಗಿತೈತಿ. ಒಲಿಗೆ ನನ್ನ ಕಂಡ್ರ ಆಗಂಗಿಲ್ಲೇನು?"

ನಾನು ಹಣೆ ಬಡಿದುಕೊಂಡೆ. ನೀರು ಸಿಡಿಯಬಾರದೆಂದು ಕೋಣೆಯ ಸಂದುಗೊಂದುಗಳನ್ನೆಲ್ಲ ಅವರು ಡಾಂಬರು ಮೆತ್ತಿ ಮುಚ್ಚಿದ್ದರು. ಒಳಗೆ ಗಾಳಿ ಬರದೆ ಹೊಗೆ ಮೇಲೆ ಹೋಗುವುದು ಹೇಗೆ? ಇಷ್ಟು ವರ್ಷ ತಗಡು ಬಡಿದ ನನಗೆ ಹೊಳೆಯದ್ದು ಆಕೆಗೆ ಹೊಳೆದಿತ್ತು.

"ಬದಿಗೆ, ಕೆಳಗ, ಒಂದು ತೂತು ಕೊರೀಬೇಕು" ಅಂದೆ.

ಗಂಡನ ಮುಖ ಬಿಳುಚಿತು. "ದೋಣಿಗೇನ್ರಿ?"

"ದೋಣಿಗಲ್ಲೋ, ಮ್ಯಾಲಿನ ಕೋಣಿ ತಗಡಿಗೆ. ನೀರಿಂದ ಎರಡು ಗೇಣು ಮ್ಯಾಲ ಇರತೈತಿ."

ಬಹಳ ಹೊತ್ತು ಯೋಚಿಸಿ ಅವನು ಒಪ್ಪಿದ, ಒಂದು ಷರತ್ತಿನ ಮೇಲೆ. "ಆತು, ಕೊರೀರಿ. ಆದ್ರ ಹೊಳಿ ನಡುವ, ನೀವು ಒಳಗ ಕುಂತು ಕೊರೀಬೇಕು."

ಕೊಡ

ಕೊರೆದೆ. ಬೆವರು ಸುರಿಯುತ್ತಿತ್ತು. ಮುಳುಗಲಿಲ್ಲ. ಆಕೆ ಒಣ ಜಾಲಿ ಚಕ್ಕೆ ಇಟ್ಟು ಹಚ್ಚಿದಳು. ಮೂವರೂ ಉಸಿರು ಬಿಗಿಹಿಡಿದು ಕೂತೆವು. ಬೆಂಕಿ ಗುಂಯ್ ಎಂದಿತು. ಒಳಗೆ ಹೊಗೆಯ ಒಂದು ಎಳೆಯಿಲ್ಲ. ಹೊರಗೆ ಬಗ್ಗಿ ನೋಡಿದರೆ ಪೈಪಿನ ತಲೆಯಿಂದ ಹೊಗೆ ಕಂಬದಂತೆ ನೆಟ್ಟಗೆ ಆಕಾಶಕ್ಕೆ ಏರುತ್ತಿತ್ತು. ಆಕೆ ಎಸರಿಗೆ ನೀರಿಟ್ಟು ಉದ್ದಕ್ಕೆ ಉಸಿರೆಳೆದುಕೊಂಡಳು. ನನ್ನ ಕಣ್ಣಲ್ಲಿ ನೀರು ಬಂತು, ಈ ಸಲ ಹೊಗೆಯಿಂದಲ್ಲ.

ಅಷ್ಟರಲ್ಲಿ ದಂಡೆಯ ಮೇಲೆ ಗದ್ದಲ. ಅಲ್ಲಿಯವರೆಗೆ ಹೊಗೆಯೆಲ್ಲ ಒಳಗೇ ಇರುತ್ತಿತ್ತಲ್ಲ, ಯಾರಿಗೂ ಕಂಡಿರಲಿಲ್ಲ. ಈಗ ಊರಿಗೆಲ್ಲ ಕಂಡಿತ್ತು. "ದೋಣಿಗೆ ಬೆಂಕಿ ಬಿದ್ದೈತ್ರೋ!" ಎಂದು ಕೂಗುತ್ತ ಒಬ್ಬ ಹಿರಿಯ ಹರಿಗೋಲು ಹತ್ತಿ ಸರಸರ ಹುಟ್ಟು ಹಾಕಿಕೊಂಡು ಬಂದ. ನಾವು "ಬ್ಯಾಡ, ಬ್ಯಾಡ" ಎಂದು ಕೈಬೀಸಿದೆವು. ಕಾಪಾಡಿ ಎಂದು ಕರೆಯುತ್ತಿದ್ದೇವೆ ಎಂದುಕೊಂಡು ಅವನು ಇನ್ನೂ ಜೋರಾಗಿ ಬಂದ. ಬಂದವನೇ ದೋಣಿಗೆ ಹಾರಿ, ತಾಡಪಾಲು ಸರಿಸಿ, ಹರಿಗೋಲಿನಿಂದ ಹೊತ್ತು ತಂದ ತುಂಬಿದ ಕೊಡವನ್ನು ಒಲೆಯ ಬಾಯಿಗೇ ಸುರಿದ. ಚುಂಯ್ ಎಂದಿತು. ಎಂಟು ದಿನದ ದುಡಿಮೆ ಆರಿತು.

ಗಂಡ ದಿಗ್ಭ್ರಮೆಯಿಂದ ಕೇಳಿದ, "ಕಾಕಾ, ಸುತ್ತ ಹೊಳಿ ಐತಿ, ಈ ನೀರು ಎಲ್ಲಿಂದ ತಂದಿ?"

"ಊರ ನಳದಿಂದಪಾ. ಅವಸರದಾಗ ಸಿಕ್ಕಿದ್ದು ತಂದೆ."

ಆಕೆ ನಗಲು ಶುರು ಮಾಡಿದಳು. ಹೊಟ್ಟೆ ಹಿಡಿದು, ಬಗ್ಗಿ, ಅಲ್ಲೇ ಕೂತು ನಕ್ಕಳು. ಈಗ ಕೆಮ್ಮು ಬರುತ್ತದೆ, ಈಗ ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಬರಲಿಲ್ಲ.

ಹಿರಿಯ ಮಾತ್ರ ನಗುವುದಕ್ಕೆ ಕಾರಣ ತಿಳಿಯದೆ ನಮ್ಮನ್ನೆಲ್ಲ ನೋಡಿ, ಹರಿಗೋಲಿನ ಕಡೆ ಕೈ ಮಾಡಿ ಕೇಳಿದ, "ಇನ್ನೊಂದು ಕೊಡ ಐತಿ. ಹಾಕ್ಲೇನು?"